ತೋಳಿನ ಮೇಲೆ ಬಿಟ್ಟ ಬಿಳಿ

ಆ ಚಿತ್ರವನ್ನು ಗೋಡೆಗೆ ತೂಗುಹಾಕಿದವನು ನಾನೇ, ಅಕ್ಕ. ನಮ್ಮ ಮೇಷ್ಟ್ರಲ್ಲ. ಮೊಳೆ ಹೊಡೆದದ್ದು ನಾನು, ಸೊಟ್ಟಗಿದೆಯೇನೋ ಎಂದು ಹಿಂದೆ ಸರಿದು ನೋಡಿದ್ದೂ ನಾನು. ಇಷ್ಟು ವರ್ಷ ನೀನು ಬೈದುಕೊಂಡದ್ದು ಏನೂ ತಿಳಿಯದ ಮನುಷ್ಯನನ್ನು —

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ, ಈಗಲೂ ಹೇಳುತ್ತೇನೆ. ಆದರೆ ನೀನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ರಾವಂದೂರಿನಲ್ಲಿ ಕಂಡವರ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕೂತದ್ದರಿಂದ ನಾನು ಓದಿದೆ. ಅದನ್ನು ಅಷ್ಟು ಜೋರಾಗಿ ಹೇಳಿದವನಲ್ಲ.

ಚಿತ್ರಕಲೆಯ ಕಾಲೇಜಿನಲ್ಲಿ ಮೇಷ್ಟ್ರು ಮೊದಲು ಮಾಡಿಸಿದ್ದು ನಕಲು. ದೊಡ್ಡ ಕಲಾವಿದರ ಚಿತ್ರಗಳನ್ನು ಮುಂದಿಟ್ಟು, ಅವರ ಕುಂಚ ಹೋದ ದಾರಿಯಲ್ಲೇ ಹೋಗಿ ಎನ್ನುತ್ತಿದ್ದರು. ಜಲವರ್ಣದಲ್ಲಿ ಬಿಳಿಯನ್ನು ಬಳಿಯುವ ಹಾಗಿಲ್ಲ. ಬೆಳಕು ಬೇಕಾದ ಕಡೆ ಕಾಗದವನ್ನು ಹಾಗೇ ಬಿಡಬೇಕು. ರಜೆ ಬಂತೆಂದರೆ ಬಸ್ಸು ಹತ್ತಿ ಸಾಲಿಗ್ರಾಮದ ಹೊಳೆದಂಡೆ, ಅಂತರಸಂತೆಯ ಸಂತೆ, ಹುಣಸೂರಿನ ಬಸ್‌ಸ್ಟ್ಯಾಂಡು ಎಂದು ಸ್ಕೆಚ್ ಮಾಡುತ್ತ ಸುತ್ತಿದೆ. ಏನು ಬರೆದರೂ ಯಾರೋ ದೊಡ್ಡವರ ಕೈ ನನ್ನ ಕೈಮೇಲೆ ಕೂತ ಹಾಗೆ. ನನ್ನದು ಎನ್ನುವ ಹಾಳೆ ಒಂದೂ ಇರಲಿಲ್ಲ.

ಆಗ ನಿನ್ನನ್ನು ಬರೆಯಲು ಕೂತೆ. ಸೊಪ್ಪು ಹದಮಾಡುವ ಬ್ಯಾರನ್ನಿನ ಪಕ್ಕ, ಚಪ್ಪರದ ಕೆಳಗೆ. ಎಲೆಯ ಅಂಟಿಗೆ ನಿನ್ನ ಬೆರಳೆಲ್ಲ ಕಪ್ಪು. ಮೊಣಕೈಯಿಂದ ಕೆಳಗೆ ತೊನ್ನು. ನೀನು ತೋಳಿನ ಮೇಲೆ ಸೆರಗು ಎಳೆದುಕೊಂಡೆ.

"ಮುಚ್ಚಿ ಬರೀಲಾ. ನಿನ್ ಕಾಲೇಜೋರು ನೋಡಿ, ಇವ್ನಿಗೆ ಬಣ್ಣ ಸಾಲ್ನಿಲ್ವಾ ಅಂದಾರು."

ಇಬ್ಬರೂ ನಕ್ಕೆವು. ಆಮೇಲೆ ನಿನ್ನ ದನಿ ತಗ್ಗಿತು. "ಸಾಲಿಗ್ರಾಮದೋರು ಎಣ್ಣು ನೋಡಕ್ಕೆ ಬತ್ತಾವ್ರೆ ಕಣ್ಲಾ. ಅವರ್ಗೆ ನಾನೇ ತೋಳ್ ತೋರ್ಸಿ ಯೋಳ್ತೀನಿ. ಬ್ಯಾರೇರ್ ಬಾಯಲ್ಲಿ ಓಗ್‌ಬಾರ್ದು."

"ಆಯ್ತು ಬುಡಕ್ಕ, ಯಾರ್ಗೂ ತೋರ್ಸಲ್ಲ" ಎಂದೆ.

ಆ ಮಾತು ನಂಬಿ ನೀನು ಸೆರಗು ಬಿಟ್ಟೆ, ಕೆಲಸಕ್ಕೆ ತಿರುಗಿದೆ. ನಾನು ನಿನ್ನ ತೋಳಿನ ಮೇಲೆ ಕಾಗದವನ್ನು ಹಾಗೇ ಬಿಟ್ಟೆ. ಮೊದಲ ಸಲ ಚಿತ್ರ ನನ್ನದಾಗಿತ್ತು.

ಆ ವಾರವೇ ಕೆ.ಆರ್. ನಗರದಲ್ಲಿ ನಮ್ಮ ತರಗತಿಯ ಪ್ರದರ್ಶನ. ಚಿತ್ರ ನೋಡಿ ಮೇಷ್ಟ್ರು ಮೊದಲು ಕೇಳಿದ್ದು, "ಅಕ್ಕನ್ನ ಕೇಳಿದ್ದೀಯೇನಪ್ಪ?"

ಕೇಳಿದ್ದೇನೆ ಸರ್, ಎಂದೆ. ಸ್ವಲ್ಪವೂ ತಡವರಿಸದೆ.

ಸಾಲಿಗ್ರಾಮದ ಗಂಡಿನ ಸೋದರತ್ತೆ ಸಂತೆಗೆಂದು ಬಂದವಳು ಪ್ರದರ್ಶನದ ಒಳಗೂ ಬಂದಿದ್ದಳಂತೆ. ನಿನ್ನ ಫೋಟೋ ಅವಳು ಮೊದಲೇ ನೋಡಿದ್ದಳು; ಚಿತ್ರದಲ್ಲಿ ನಿನ್ನ ಗುರುತು ಹಿಡಿದಳು. ಅವರು ನಿನ್ನನ್ನು ನೋಡಲು ಬರಲೇ ಇಲ್ಲ; "ಮುಚ್ಚಿಟ್ಟು ಕಟ್ಟಕ್ ನೋಡಿದ್ರಲ್ಲ" ಎಂಬ ಮಾತು ಮಾತ್ರ ಬಂತು. ಎದುರು ಕೂತು ಹೇಳಬೇಕೆಂದಿದ್ದ ನಿನಗೆ ಮುಚ್ಚಿಟ್ಟವಳು ಎಂಬ ಹೆಸರು.

"ಅದು ಅಲ್ಲಿಗ್ ಎಂಗೋಯ್ತಲಾ?" ಎಂದೆ ನೀನು.

"ಮೇಷ್ಟ್ರು ಕೇಳ್ದೆ ತಗೊಂಡೋಗ್ಬುಟ್ರು ಕಣಕ್ಕ."

ಆಮೇಲೆ ಯಾರು ನೋಡಲು ಬಂದರೂ ನೀನು ಒಳಮನೆಯಿಂದ ಹೊರಗೆ ಬರಲಿಲ್ಲ. ಬಿಸಿಲಿನಲ್ಲೂ ತುಂಬುತೋಳಿನ ರವಿಕೆ ಹಾಕತೊಡಗಿದೆ. ನಾನು ನೋಡಿದೆ, ನೋಡಿಯೂ —

ಹೋದ ತಿಂಗಳು ಮೇಷ್ಟ್ರು ಹೊಸ ಹುಡುಗರನ್ನು ಸ್ಕೆಚ್ಚಿಗೆಂದು ರಾವಂದೂರಿಗೆ ಕರೆತಂದಿದ್ದರು. ನನ್ನ ಮನೆಯೆಂದು ವಿಚಾರಿಸಿಕೊಂಡು ಬಂದು, ನಿನ್ನನ್ನು ನೀರು ಕೇಳಿದರು. ನೀನು ಬಾಗಿಲು ಹಾಕಿಕೊಂಡೆ. ಅವರು ನನಗೆ ಫೋನ್ ಮಾಡಿದರು: "ನಿಮ್ಮಕ್ಕನಿಗೆ ನನ್ನಿಂದ ಏನಾದ್ರೂ ತಪ್ಪಾಗಿದ್ಯೇನಪ್ಪ?"

"ಅವಳ ಸ್ವಭಾವವೇ ಹಾಗೆ ಸರ್" ಎಂದೆ. ಬಾಗಿಲಿಗೆ ಬಂದ ಯಾರನ್ನೂ ಬಾಯಾರಿಕೆಯಲ್ಲಿ ಕಳಿಸದ ನಿನ್ನನ್ನು ಹಾಗೆಂದೆ.

ನಿನ್ನೆ ಅವರಿಗೆ ನಿಜ ಹೇಳಿದೆ. "ನಿಮ್ಮಕ್ಕನಿಗೆ ಹೇಳಿದ್ಯಾ?" ಎಂದಷ್ಟೇ ಕೇಳಿ ಫೋನ್ ಇಟ್ಟರು.

ಇಲ್ಲ, ಇನ್ನೂ ಹೇಳಿಲ್ಲ. ಇಲ್ಲಿ ಬರೆದದ್ದು ಹೇಳಿದ ಲೆಕ್ಕಕ್ಕೆ ಬರುವುದಿಲ್ಲ, ನನಗೆ ಗೊತ್ತು. ಈ ಭಾನುವಾರ ಊರಿಗೆ ಬರುತ್ತೇನೆ. ನಿನ್ನ ಎದುರು ಕೂತು, ನನ್ನ ಬಾಯಲ್ಲೇ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಜಗಲಿಯ ಮೇಲೆ ಕೂತಿರುತ್ತೇನೆ, ಅಕ್ಕ. ನೀರು ಕೇಳುವುದಿಲ್ಲ.