ಪತಂಗದ ಮೀಸೆ, ಹಜೀರಾಳ ಉಸಿರು

ಊರವರು ಹಸು ಸಾಕ್ತಾರೆ, ಕೋಳಿ ಸಾಕ್ತಾರೆ. ಶ್ರೀನಿವಾಸಪುರದ ಹಜೀರಾ ಮಾತ್ರ ಟೊಮೆಟೊ ಕಾಯಿ ಕೊರೆಯುವ ಹುಳುವನ್ನು ಪತಂಗವಾಗುವ ತನಕ ಸಾಕಿ ಸಂಬಳ ತಗೊಂಡವಳು.

ಎರಡು ಸಾವಿರದ ಇಸವಿಯ ಆಸುಪಾಸು. ರಾಯಲ್ಪಾಡಿನ ತೋಟಗಳಲ್ಲಿ ಕೃಷಿ ಸಂಶೋಧನೆಯವರು ಹೆಣ್ಣು ಪತಂಗದ ವಾಸನೆ ತುಂಬಿದ ರಬ್ಬರ್ ಬಿರಡೆ ಕಟ್ಟಿದ್ದರು. ಗಾಳಿಯೆಲ್ಲ ಅದೇ ವಾಸನೆಯಾದರೆ ಗಂಡಿಗೆ ದಾರಿ ತಪ್ಪುತ್ತೆ, ಮೊಟ್ಟೆ ತಪ್ಪುತ್ತೆ, ಹುಳು ತಪ್ಪುತ್ತೆ. ಆದರೆ ಗಾಳಿಯಲ್ಲಿ ಅದು ಎಷ್ಟಿದೆ ಅನ್ನೋದು ಮನುಷ್ಯರ ಮೂಗಿಗೆ ತಿಳಿಯದು. ಅದಕ್ಕೇ ಹಜೀರಾ ಸಾಕಿದ ಗಂಡು ಪತಂಗದ ಮೀಸೆ ಕತ್ತರಿಸಿ ಎರಡು ತಂತಿಗಳ ನಡುವೆ ಸಿಕ್ಕಿಸಿ ತೋಟದಲ್ಲಿ ಹಿಡಿದರೆ, ವಾಸನೆ ತಗುಲಿದಾಗ ತಂತಿಗೆ ಜೋಡಿಸಿದ ಅಳತೆ ಪೆಟ್ಟಿಗೆಯ ಮುಳ್ಳು ಕುಣಿಯುತ್ತಿತ್ತು.

“ಮೈಯಿಂದ ಕಿತ್ತರೂ ಮೀಸೆಗೆ ಹೆಣ್ಣಿನ ಚಪಲ ಹೋಗಿಲ್ಲ ನೋಡು,” ಅಂದ ತೋಟದ ಯಜಮಾನ ಮುನಿಯಲ್ಲಪ್ಪ.

“ನಿಮ್ಮಂಥದ್ದೇ ಜಾತಿ ಬಿಡಣ್ಣ,” ಅಂದಳು ಹಜೀರಾ.

ಪತಂಗ ಸಾಕುವ ಕೋಣೆಗೆ ಕಿಟಕಿ ಇರಲಿಲ್ಲ. ರೆಕ್ಕೆ ಉದುರಿಸಿದ ಹುಡಿ ಬಲ್ಬಿನ ಬೆಳಕಿನಲ್ಲಿ ತೇಲುತ್ತಿತ್ತು, ಅವಳ ಎದೆಗೂ ಇಳಿಯುತ್ತಿತ್ತು. ಎರಡನೇ ವರ್ಷಕ್ಕೆ ಉಸಿರು ಸಿಳ್ಳೆ ಹಾಕತೊಡಗಿತು.

“ಬೀಡಿ ಕಟ್ತೀಯೇನಮ್ಮ?” ಕೋಲಾರದ ಡಾಕ್ಟರು ಕೇಳಿದರು.

“ಇಲ್ಲ ಸಾರ್, ಚಿಟ್ಟೆ ಸಾಕ್ತೀನಿ.”

ಡಾಕ್ಟರು ನಗಲಿಲ್ಲ. “ಆ ಕೋಣೆ ಬಿಡು. ಇಲ್ಲಾಂದ್ರೆ ಅದು ನಿನ್ನನ್ನ ಬಿಡಲ್ಲ.”

ಬೇರೆ ಕೆಲಸ ಕೊಡಿ ಅಂತ ಹಜೀರಾ ಮಾಧವನನ್ನು ಕೇಳಿದಳು. ಅಳೆಯುವ ಕೆಲಸದ ಉಸ್ತುವಾರಿ ಅವನದೇ. “ಈ ಬೆಳೆ ಒಂದು ಮುಗೀಲಿ, ಹಜೀರಮ್ಮ. ಮೀಸೆ ಮುರೀದೆ ಸಿಕ್ಕಿಸೋ ಕೈ ನಿಮ್ಮದೊಂದೇ,” ಅಂದ. ಹೊಗಳಿಕೆಗೆ ಖರ್ಚಿಲ್ಲ. ಅವಳೂ ಸೋತಳು.

ಸಂಜೆ ತೋಟದಲ್ಲಿ ಅವಳ ಉಸಿರು ತಾಗಿದರೂ ಮುಳ್ಳು ಅಲ್ಲಾಡುತ್ತಿತ್ತು. “ಉಸಿರು ಹಿಡೀರಿ,” ಅಂತಿದ್ದ ಮಾಧವ. ಹಿಡಿಯುತ್ತಿದ್ದಳು. ಒಂದು ಸಂಜೆ ಬಿಟ್ಟ ಉಸಿರು ವಾಪಸ್ಸು ಬರಲಿಲ್ಲ. ಟೊಮೆಟೊ ಗಿಡಕ್ಕೆ ನೆಟ್ಟ ಕೋಲು ಹಿಡಿದುಕೊಂಡೇ ಕುಸಿದಳು. ಮಾಧವ ಓಡಿ ಬಂದ, ಆದರೆ ಮುಳ್ಳು ಎಲ್ಲಿ ನಿಂತಿದೆ ಅಂತ ಒಮ್ಮೆ ನೋಡಿಕೊಂಡೇ ಬಂದ. ಕೆಟ್ಟವನಲ್ಲ, ಅಭ್ಯಾಸ.

ಆಸ್ಪತ್ರೆಯಿಂದ ಬಂದವಳು ಮನೆ ಬಾಗಿಲ ಮೆಟ್ಟಿಲಿನ ಹೆಂಗಸಾದಳು. ಅಲ್ಲೇ ಕೂತು ಕೆಮ್ಮುವುದು, ಅಲ್ಲೇ ಒರಗಿ ನಿದ್ದೆ. ಮಾಧವ ಒಂದು ದಿನ ಭಾರತಮ್ಮ ಅನ್ನೋ ಹೊಸಬಳನ್ನು ಕರಕೊಂಡು ಬಂದ. “ಇವರಿಗೆ ಸ್ವಲ್ಪ ಕೈ ಕಲಿಸಿಕೊಡಿ.”

“ಮೊದ್ಲು ಕೋಣೆಗೆ ಕಿಟಕಿ ಇಡಿಸಿ ಸಾರ್.”

“ಪತಂಗ ಹಾರಿ ಹೋಗುತ್ವೆ.”

“ಜಾಲರಿ ಹಾಕ್ಸಿ.”

“ಮುಂದಿನ ವರ್ಷ ಬರೆದು ಕಳಿಸ್ತೀನಿ.”

ಹಜೀರಾ ಭಾರತಮ್ಮನ ಕಡೆ ತಿರುಗಿದಳು. “ಕಲಿಸಲ್ಲ ಕಣಮ್ಮ. ಸಿಟ್ಟಾಗಬೇಡ.”

ಭಾರತಮ್ಮ ಸಿಟ್ಟಾಗಲಿಲ್ಲ. ಹೊಟ್ಟೆಪಾಡು. ನಾಲ್ಕಾರು ಮೀಸೆ ಮುರಿದು ತಾನೇ ಕಲಿತಳು. ಹಜೀರಾ ಇನ್ನೆರಡು ಚಳಿಗಾಲ ಬದುಕಿದಳು, ಅಷ್ಟೇ.