ಸನ್ಯಾಸಿಯ ಮೇಲಂಗಿಗೆ ಶಿಲುಬೆ

ಅಳಿಯನಿಗೆ ಹೆದರಿಕೆ ಇದ್ದದ್ದು ಶಿಲುಬೆಯದ್ದಲ್ಲ, ಶನಿವಾರ ಮನೆಗೆ ಬರುವ ಭಜನೆಯವರದ್ದು. ಉಳಿದದ್ದೆಲ್ಲ ಧರ್ಮದ ಹೆಸರಿನಲ್ಲಿ ಆಡಿದ ಮಾತು.

ಎಂಬತ್ತರ ದಶಕದ ಕೊನೆ. ನಾನು ಅಮೆರಿಕದ ಸರಟೋಗಾದಲ್ಲಿ ಮಗಳ ಮನೆಯಲ್ಲಿದ್ದೆ. ಶಾಲೆಯ ಇತಿಹಾಸದ ಪಾಠಕ್ಕೆಂದು ಹನ್ನೆರಡು ವರ್ಷದ ಮೊಮ್ಮಗಳು ಹಳೆಯ ಕಾಲದ ಕ್ರೈಸ್ತ ಯೋಧ ಸನ್ಯಾಸಿಯ ವೇಷ ಹಾಕಿ, ತಾನು ಯಾರೆಂದು ಕ್ಲಾಸಿಗೆ ಹೇಳಬೇಕಿತ್ತು. ಬಿಳಿ ಚಾದರ ಕತ್ತರಿಸಿ ನಾನೇ ಮೇಲಂಗಿ ಹೊಲಿದೆ. ಆ ಸನ್ಯಾಸಿಗಳಿಗೆ ಮದುವೆಯಿಲ್ಲ, ಸ್ವಂತ ಆಸ್ತಿಯಿಲ್ಲ, ಊಟಕ್ಕೆ ಕುಳಿತರೆ ಮಾತಿಲ್ಲ, ಹೊತ್ತುಹೊತ್ತಿಗೆ ಪ್ರಾರ್ಥನೆ ಎಂದು ಅವಳು ಓದಿ ಹೇಳಿದಾಗ ನಮ್ಮೂರಿನ ಮಠದವರೇ ಕಣ್ಣಿಗೆ ಕಟ್ಟಿದರು. ಆಮೇಲೆ ಕತ್ತಿ, ಕುದುರೆ ಬಂತು. ನನಗೇನೂ ಆಶ್ಚರ್ಯವಾಗಲಿಲ್ಲ. ಉಪವಾಸ ಮಾಡಿಕೊಂಡೇ ಇನ್ನೊಬ್ಬರ ಜೀವ ತೆಗೆಯುವವರನ್ನು ನನ್ನ ಅತ್ತೆಮನೆಯ ಅಡುಗೆಕೋಣೆಯಲ್ಲೇ ಬೇಕಾದಷ್ಟು ನೋಡಿದ್ದೆ.

ಹುಡುಗಿ ಕೆಂಪು ಕಾಗದದಲ್ಲಿ ಶಿಲುಬೆ ಕತ್ತರಿಸಿ ಎದೆಗೆ ಅಂಟಿಸಿಕೊಳ್ಳುವ ಹೊತ್ತಿಗೆ, ಬನಿಯನ್ನಿನಲ್ಲಿ ಕಾಫಿ ಕುಡಿಯುತ್ತಿದ್ದ ಅಳಿಯ ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದ.

"ಕ್ರಾಸು ಬೇಡ. ಬರೀ ಬಿಳಿ ಬಟ್ಟೆ ಸಾಕು."

"ಡ್ಯಾಡಿ, ಕ್ರಾಸಿಲ್ದಿದ್ರೆ ನಾನು ಘೋಸ್ಟ್ ಥರ ಕಾಣ್ತೀನಿ. ನಾಳೆ ಎಲ್ಲಾ ನಗ್ತಾರೆ."

"ಸನ್ಯಾಸಿ ಅಂದ್ಮೇಲೆ ಆಯುಧ ಯಾಕೆ? ಅದೂ ಒಂದು ಧರ್ಮಾನಾ? ನೀವಾದ್ರೂ ಹೇಳಿ ಅತ್ತೆ."

ಅವನ ಎರಡೂ ತೋಳುಗಳ ಮೇಲೆ ಕಲೆಗಳಿದ್ದವು. ಆಷಾಢದಲ್ಲಿ ಊರಿಗೆ ಹೋದಾಗ ಸ್ವಾಮಿಗಳು ಬೆಂಕಿಯಲ್ಲಿ ಕಾಯಿಸಿ ಒತ್ತಿದ ಶಂಖ, ಚಕ್ರದ ಮುದ್ರೆ.

"ನಿಮ್ಮ ತೋಳಲ್ಲಿ ಇರುವುದೆಂತ?" ಎಂದೆ.

"ಚಕ್ರ. ದೇವರದ್ದು."

"ದೇವರು ಅದರಲ್ಲಿ ತೆಂಗಿನಕಾಯಿ ತುರಿಯುವುದಾ? ತಲೆ ಕತ್ತರಿಸುವುದಲ್ವಾ? ಅದನ್ನು ಸನ್ಯಾಸಿ ಕೈಯಲ್ಲೇ ಒತ್ತಿಸಿಕೊಂಡು ಬಂದಿದ್ದೀರಿ."

"ಅದು ಬೇರೆ."

"ಹೌದು, ಬೇರೆಯೇ. ಇವಳದ್ದು ಬಟ್ಟೆ ಮೇಲೆ. ಬಿಚ್ಚಿಟ್ಟರೆ ಮುಗೀತು."

ಅವನು ಲೋಟ ಕೆಳಗಿಟ್ಟ. "ಭಜನೆಯವರ ಮಕ್ಕಳೂ ಅದೇ ಕ್ಲಾಸಲ್ಲಿದಾರೆ ಅತ್ತೆ. ಶನಿವಾರ ಕೇಳಿದ್ರೆ ಏನು ಹೇಳ್ಲಿ?"

"ಅಜ್ಜಿಗೆ ಓದು ಬರಹ ಇಲ್ಲ, ಗೊತ್ತಾಗದೆ ಹೊಲಿದಳು ಅನ್ನಿ."

ಅವನು ಟಿವಿ ಹಾಕಿದ. ಹುಡುಗಿ ಊಟ ಮಾಡದೆ ಮಲಗಿದಳು.

ಮರುದಿನ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದ ಕೂಡಲೇ ಮಗಳ ಕಪಾಟು ತೆರೆದೆ. ಭಜನೆಯ ಹೆಂಗಸರು ಅರಿಶಿನ ಕುಂಕುಮಕ್ಕೆ ಕೊಟ್ಟು, ಯಾರೂ ಹೊಲಿಸದೆ ಬಿದ್ದಿದ್ದ ರವಿಕೆ ಕಣಗಳಲ್ಲಿ ಕೆಂಪಿನದ್ದು ಆರಿಸಿ ಕತ್ತರಿಸಿದೆ. ಮೇಲಂಗಿಯ ಎದೆಗೆ ಶಿಲುಬೆಯನ್ನು ಬಿಗಿಯಾಗಿ ಹೊಲಿದು, ಹುಡುಗಿಗೆ ತೊಡಿಸಿ, ಸ್ಕೂಲ್ ಬಸ್ಸು ಹತ್ತಿಸಿ ಬಂದೆ.