ತೆಗೆಯುವುದು ಅಂದರೆ ಎಂತ?

ಫ್ರೆಂಡ್ಸ್, ನಮ್ಮ ಮೀನಂಗಡಿಗೆ ಒಬ್ಬ ಗಿರಾಕಿಯೂ ಬಾರದ ಹಾಗೆ ಬೆಳಗಿನ ಜಾವ ಕನಸು ಬಿತ್ತು. ವಾಟ್ಸಾಪ್ ಆರ್ಡರುಗಳನ್ನು ತಂಗಿ ಸುಜಾತ ಜೋಡಿಸಿದ ಎಐ ನೋಡಿಕೊಳ್ಳುತ್ತದೆ. ಆರ್ಡರ್ ಹಾಕಲು, ಅಳಿಸಲು ಅದಕ್ಕೆ ಒಂದೊಂದು ಟೂಲ್ ಇದೆ; ಯಾವ ಟೂಲ್ ಏನು ಮಾಡುತ್ತದೆಂದು ಅದಕ್ಕೆ ಬರೆದುಕೊಟ್ಟವಳು ನಾನು. ಆರ್ಡರ್ ಅಳಿಸುವ ಟೂಲಿಗೆ "ಆರ್ಡರ್ ತೆಗೆಯುವುದು" ಎಂದು ಬರೆದಿದ್ದೆ.

ಇವತ್ತು ಉಪ್ಪುಂದದ ಗಿರಾಕಿ ಗುಲಾಬಕ್ಕನ ಫೋನ್. "ಹ್ವಾಯ್, ಬಂಗ್ಡಿ ಒಟ್ಟಿಗ್ ಅಂಜಲ್ ಮೀನೂ ಬೇಕಂದ್ರೆ, ಇದ್ದ ಆರ್ಡರೂ ಹೋಯ್ತಲೆ! ನಾಳೆ ಬೀಗ್ರಿಗ್ ಎಂತ ಬಡ್ಸುದ್?"

ಸುಜಾತ ನೋಡಿ ನಕ್ಕಳು. "ಅಕ್ಕ, ನಾವ್ ಬಸ್ಸಂಗೆ ಟಿಕೇಟ್ ತೆಗುದಿಲ್ಯಾ? ಎಐ ಆರ್ಡರೂ ಹಾಂಗೇ ತೆಗುದಂದ್ ತಿಳ್ಕಂಡ್, ಅಂಜಲ್ ತೆಗುಕ್ ಹೋಯಿ ಬಂಗ್ಡಿ ಅಳ್ಸಿತ್."

ಗುಲಾಬಕ್ಕನ ಆರ್ಡರನ್ನು ಮತ್ತೆ ಹಾಕಿದೆವು. ಟೂಲಿಗೆ ಈಗ "ಗಿರಾಕಿ ಬೇಡವೆಂದರೆ ಮಾತ್ರ ರದ್ದು ಮಾಡುವುದು" ಎಂದು ಬರೆದಿದ್ದೇನೆ. ಶಾಲೆ ಅರ್ಧಕ್ಕೆ ಬಿಟ್ಟವಳು ನಾನು. ಓದಿದವರು ಇನ್ನೊಮ್ಮೆ ನೋಡಿ ಹೇಳಿ, ರದ್ದು ಎಂಬ ಮಾತಿಗೆ ಬೇರೆ ಅರ್ಥವಿಲ್ಲ ತಾನೇ?